ಏನೂ ತೊಂದರೆ ಇಲ್ಲ ಅಂದವರು

ಐದು ಮಹಡಿ ಗಾಜು ಹೊತ್ತರೂ ಏದುಸಿರು ಬಿಡದವನು ಅಂತ ಅವನಿಗೆ ಹೆಸರಿತ್ತು. ಮೂವತ್ತು ವರ್ಷ ಊರವರ ಕಿಟಕಿಗಳಿಗೆ ಗಾಜು ಕೂರಿಸಿದವನನ್ನು ಎಲ್ಲರೂ ಗಾಜಣ್ಣ ಅಂತಲೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಹೊರಗೆ ಬಂದದ್ದು ಆಸ್ಪತ್ರೆಯ ಫೈಲಿನ ಮೇಲೆ. ಅದರ ಕೆಳಗೇ ಬರೆದಿತ್ತು: ಲಿವರ್ ಕ್ಯಾನ್ಸರ್.

"ಕುಡಿಯೋದು ಎಷ್ಟು ವರ್ಷದಿಂದ?" ಅಂತ ಕಿರಿಯ ಡಾಕ್ಟರು ಕೇಳಿದ್ದರು. ಗಾಜಣ್ಣ ಒಂದು ಹನಿಯನ್ನೂ ನಾಲಿಗೆಗೆ ಸೋಕಿಸಿದವನಲ್ಲ. ರಕ್ತದ ವರದಿ ಬಂದ ಮೇಲೆ ದೊಡ್ಡ ಡಾಕ್ಟರು ಬಿಡಿಸಿ ಹೇಳಿದರು. "ಹೆಪಟೈಟಿಸ್ ಬಿ, ಲಿವರಿಗೆ ಅಂಟೋ ವೈರಸ್ಸು. ಹುಟ್ಟುವಾಗಲೇ ತಾಯಿಯಿಂದ ಬಂದಿರಬೇಕು. ಇಷ್ಟು ವರ್ಷ ಸದ್ದಿಲ್ಲದೆ ಒಳಗೇ ಕೂತಿತ್ತು. ನಿಮ್ಮ ಒಡಹುಟ್ಟಿದವರಿಗೂ ಪರೀಕ್ಷೆ ಮಾಡಿಸಬೇಕು." ಹೊಟ್ಟೆ ಊದಿಕೊಂಡು ಸತ್ತ ಅಮ್ಮನ ಮುಖ ಕಣ್ಣೆದುರು ಬಂತು. ಅವನು ತಲೆಯಾಡಿಸಿದ. ಆದರೆ ದೂರದಲ್ಲಿದ್ದ ಒಬ್ಬಳೇ ತಂಗಿಗೆ, "ಪಿತ್ತಕೋಶದಲ್ಲಿ ಕಲ್ಲಂತೆ, ಸಣ್ಣ ಆಪರೇಷನ್ನು, ನೀನು ಬರೋದೇನೂ ಬೇಡ" ಅಂದುಬಿಟ್ಟ. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಮಕ್ಕಳಿರಲಿಲ್ಲ.

ಲಿವರಿನ ಬಲಭಾಗ ಕತ್ತರಿಸಿ ತೆಗೆದರು. ಗಡ್ಡೆ ಪೂರ್ತಿ ಹೋಗಿದೆ, ಉಳಿದದ್ದು ಬೆಳೆದುಕೊಳ್ಳುತ್ತೆ ಅಂದರು. ಬೆಳೆಯುವುದು ಬೆಳೆಯಿತೋ ಏನೋ, ಮನೆಗೆ ಬಂದ ಗಾಜಣ್ಣ ಮಾತ್ರ ಅರ್ಧವಾಗಿದ್ದ. ತೋಳು ಸೊರಗಿ ಅಂಗಿ ಹ್ಯಾಂಗರಿಗೆ ಹಾಕಿದ ಹಾಗೆ ನೇತಾಡುತ್ತಿತ್ತು. ಮೂರನೇ ಮಹಡಿಯ ಮನೆಗೆ ಹತ್ತುವಾಗ ತಿರುವು ತಿರುವಿನಲ್ಲಿ ನಿಂತು ಕಿಟಕಿಯ ಗಾಜನ್ನು ಬೆರಳಿನಿಂದ ತಟ್ಟಿ ನೋಡುತ್ತಿದ್ದ. ಅಕ್ಕಪಕ್ಕದವರು, "ಹುಷಾರಿಲ್ಲದಿದ್ರೂ ಕಸುಬು ಮರೆತಿಲ್ಲ ನೋಡು" ಅಂದುಕೊಂಡರು. ಅವನು ಉಸಿರು ಹಿಡಿಯಲು ನಿಂತಿದ್ದಾನೆ ಅಂತ ಯಾರಿಗೂ ಹೊಳೆಯಲಿಲ್ಲ.

ಎರಡು ತಿಂಗಳಾದ ಮೇಲೆ ತಪಾಸಣೆಗೆ ಹೋದಾಗ, ಕೊರಳಲ್ಲಿ ಗುರುತಿನ ಚೀಟಿ ತೂಗಿಸಿಕೊಂಡ ಒಬ್ಬಳು ಪಕ್ಕದಲ್ಲಿ ಬಂದು ಕೂತಳು. ಲಿವರ್ ಕ್ಯಾನ್ಸರಿನ ರೋಗಿಗಳು ಎಷ್ಟು ಜನ, ಚಿಕಿತ್ಸೆ ಮುಗಿದ ಮೇಲೆ ಅವರಿಗೆ ಏನು ಬೇಕು ಅಂತ ಸಮೀಕ್ಷೆ ಮಾಡುವವಳು.

"ಮೆಟ್ಟಿಲು ಹತ್ತೋದು ಕಷ್ಟ ಆಗುತ್ತಾ?"

"ಇಲ್ಲ."

"ಸುಸ್ತು?"

"ಏನೂ ತೊಂದರೆ ಇಲ್ಲ."

"ಮನೆಯಲ್ಲಿ ಯಾರ್ಯಾರು ಇದ್ದಾರೆ?"

"ತುಂಬಾ ಜನ ಇದ್ದಾರೆ. ಕೈಗೊಬ್ಬರು, ಕಾಲಿಗೊಬ್ಬರು."

ಅವಳು ನಕ್ಕು ಬರೆದುಕೊಂಡಳು. ತಾನೋ ಗಂಡಸು, ದುಡಿದವನು. ಮಗಳ ವಯಸ್ಸಿನ ಹುಡುಗಿಯ ಮುಂದೆ ಕೈಲಾಗಲ್ಲ ಅಂತ ಹೇಗೆ ಹೇಳುವುದು?

ಮರುವಾರವೇ ತಾನು ದುಡಿಯುತ್ತಿದ್ದ ಗಾಜಿನ ಅಂಗಡಿಗೆ ಹೋದ. ಗೆಳೆಯರು ಗಾಜಣ್ಣ ಬಂದ ಅಂತ ಸುತ್ತ ನೆರೆದರು. ಆದರೆ ಕಾಯಿಲೆಯ ಸುದ್ದಿ ಮೊದಲೇ ಮುಟ್ಟಿತ್ತು, ತೋಳಳತೆ ದೂರದಲ್ಲೇ ನಿಂತರು. ಚಹಾ ಬಂತು. ಅವನಿಗೊಂದು ಬೇರೆ ಲೋಟ, ತಳದಲ್ಲಿ ಕೆಂಪು ಬಣ್ಣದ ಚುಕ್ಕೆ. "ಲೋಟದಿಂದ ಬರೋ ಕಾಯಿಲೆ ಅಲ್ಲಪ್ಪ ಇದು" ಅಂತ ಹೇಳಲು ಬಾಯಿ ತೆರೆದ. ಒಳಗಿನಿಂದ ಯಾರೋ, "ಕುಡೀದೆ ಲಿವರ್ ಹೋಗುತ್ತಾ? ಕಳ್ಳ, ಒಳಗೊಳಗೇ ಹಾಕ್ತಿದ್ದ" ಅಂದದ್ದು ಕೇಳಿಸಿ ಬಾಯಿ ಮುಚ್ಚಿದ. ಮಧ್ಯಾಹ್ನ ಎದೆಯೆತ್ತರದ ಕನ್ನಡಿಯೊಂದನ್ನು ಎತ್ತಲು ಹೋದ. ಮೊಣಕಾಲು ಕುಸಿಯಿತು, ಕನ್ನಡಿ ಚೂರುಚೂರಾಯಿತು. ಯಜಮಾನ ಬಯ್ಯಲಿಲ್ಲ. "ಮನೇಲಿ ಆರಾಮಾಗಿರಯ್ಯ" ಅಂದ. ಬೈದಿದ್ದರೇ ಚೆನ್ನಾಗಿತ್ತು.

ಆಮೇಲೆ ಅವನು ಹೊರಗೆ ಹೋಗುವುದನ್ನೇ ಬಿಟ್ಟ. ಒಲೆ ಹಚ್ಚಲು ಬೇಜಾರಾಗಿ ಬ್ರೆಡ್ಡು ತಿಂದು ಮಲಗುತ್ತಿದ್ದ. ಒಮ್ಮೊಮ್ಮೆ ದಿನವಿಡೀ ಮಾತಾಡದೆ ಇದ್ದು, ಸಂಜೆ ಹಾಲಿನವನಿಗೆ "ಒಂದು ಸಾಕು" ಅನ್ನಲು ಹೋದರೆ ಗಂಟಲು ಕಟ್ಟಿಕೊಂಡಿರುತ್ತಿತ್ತು. ತಂಗಿ ಫೋನ್ ಮಾಡಿದರೆ ಅದೇ ಪಾಠ: ಚೆನ್ನಾಗಿದ್ದೀನಿ, ಊಟ ಆಯ್ತು, ನೀನು ಹೇಗಿದ್ದೀ.

ಮುಂದಿನ ತಪಾಸಣೆಯ ದಿನ, ವಾರ್ಡಿನ ಪಕ್ಕದ ವ್ಯಾಯಾಮದ ಕೋಣೆ ನೆನಪಾಗಿ ಅಳುಕುತ್ತಾ ಒಳಗೆ ಇಣುಕಿದ. ವ್ಯಾಯಾಮ ಕಲಿಸುವ ಗಟ್ಟಿಮುಟ್ಟಾದ ಹೆಂಗಸು ರಬ್ಬರ್ ಪಟ್ಟಿಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು.

"ಮೇಡಂ, ನನ್ನಂಥವರಿಗೂ ಇಲ್ಲಿ ಹೇಳಿಕೊಡ್ತೀರಾ?"

"ಹೇಳಿಕೊಡ್ತಿದ್ದೆ ಕಣಪ್ಪ. ಈ ತಿಂಗಳ ಕೊನೆಗೆ ಕೋಣೆ ಹಳೇ ಫೈಲು ಇಡೋಕೆ ಹೋಗುತ್ತೆ." ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಕಾಯಿಲೆಯೋರು ವರ್ಷ ವರ್ಷ ಜಾಸ್ತಿ ಆಗ್ತಿದ್ದಾರೆ. ಇನ್ನೂರ ಹದಿನಾಲ್ಕು ಜನರನ್ನ ಕೇಳಿದ್ರಂತೆ. ನಮಗೆ ಸಹಾಯ ಬೇಕು ಅಂದವರು ಹತ್ತೊಂಬತ್ತೇ ಜನ. ಮಿಕ್ಕವರಿಗೆಲ್ಲ ಏನೂ ತೊಂದರೆ ಇಲ್ಲವಂತೆ! ಬೇಡ ಅಂದೋರಿಗೆ ಕೋಣೆ ಯಾಕೆ ಅಂತಾರೆ ಮೇಲಿನವರು."

ಗಾಜಣ್ಣನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ನಾಚಿಕೆ ತನ್ನೊಬ್ಬನದೇ ಅಂದುಕೊಂಡಿದ್ದ. ಹಾಗಲ್ಲ, ನೂರಾ ತೊಂಬತ್ತೈದು ಬಾಗಿಲುಗಳ ಹಿಂದೆ ಎಷ್ಟೋ ಜನ ತನ್ನ ಹಾಗೆಯೇ ಹಲ್ಲು ಕಚ್ಚಿಕೊಂಡು ಕೂತಿರಬೇಕು.

ಸಮೀಕ್ಷೆಯವಳನ್ನು ಹುಡುಕಿದ. ನೆಲಮಾಳಿಗೆಯ ಕೋಣೆಯಲ್ಲಿ ಕಂಪ್ಯೂಟರಿನ ಮುಂದಿದ್ದಳು.

"ನಾನು ಸುಳ್ಳು ಹೇಳಿದ್ದೆ ತಾಯಿ. ಮೊದಲಿಂದ ಕೇಳು."

"ಪಟ್ಟಿ ಮುಗಿಸಿ ಕಳಿಸಿಬಿಟ್ಟೆವಲ್ಲ ಅಂಕಲ್." ಆದರೂ ಅವನ ಮುಖ ನೋಡಿ ಖಾಲಿ ಫಾರ್ಮು ತೆಗೆದಳು. ಕೇಳುತ್ತಾ ಹೋದಳು, ಅವನು ಹೇಳುತ್ತಾ ಹೋದ. ಮೆಟ್ಟಿಲು, ಕೆಂಪು ಚುಕ್ಕೆ, ಬ್ರೆಡ್ಡು, ಒಡೆದ ಕನ್ನಡಿ. "ಮನೆಯಲ್ಲಿ ಯಾರ್ಯಾರು?" ಅನ್ನುವ ಹೊತ್ತಿಗೆ ಅವಳು ಪೆನ್ನು ಕೆಳಗಿಟ್ಟಿದ್ದಳು.

"ಯಾರೂ ಇಲ್ಲ" ಅಂದ. ಅಷ್ಟು ಹೇಳಲು ಆರು ವರ್ಷ ಹಿಡಿದಿತ್ತು.

"ಒಡಹುಟ್ಟಿದವರ ಪರೀಕ್ಷೆ ಆಗಿದೆಯಾ?"

"ತಂಗಿಗೆ ಪಿತ್ತಕೋಶದ ಕಲ್ಲು ಅಂತ ಹೇಳಿದ್ದೀನಿ" ಅಂದ. ಅವಳು ಮೇಜಿನ ಮೇಲಿದ್ದ ಫೋನನ್ನು ಅವನ ಕಡೆ ತಳ್ಳಿದಳು. ತಂಗಿ ಮೊದಲು ಅತ್ತಳು, ಆಮೇಲೆ ಬಾಯಿಗೆ ಬಂದ ಹಾಗೆ ಬೈದಳು, ಕೊನೆಗೆ ನಾಳೆಯೇ ರಕ್ತ ಕೊಡುತ್ತೇನೆ ಅಂದಳು. ಅವಳಿಗೂ ಆ ವೈರಸ್ ಇತ್ತು. ಲಿವರ್ ಇನ್ನೂ ಚೆನ್ನಾಗಿತ್ತು, ಮಾತ್ರೆ ಶುರು ಮಾಡಿದರು.

ಒಂದು ಫಾರ್ಮಿನಿಂದ ಏನಾಗುತ್ತೆ? ತಪಾಸಣೆಯ ಮಂಗಳವಾರಗಳಲ್ಲಿ ಗಾಜಣ್ಣ ಬೆಂಚಿನ ಮೇಲೆ ಕೂತು, ಪಕ್ಕದವರಿಗೆ ತನ್ನ ಕಥೆಯನ್ನೇ ಮೊದಲು ಹೇಳತೊಡಗಿದ. ಕೆಲವರು ಎದ್ದು ಬೇರೆ ಬೆಂಚಿಗೆ ಹೋದರು. ನಿವೃತ್ತ ಮೇಷ್ಟ್ರೊಬ್ಬರು ಹತ್ತಿರ ಸರಿದು, "ಸ್ನಾನದ ಬಕೆಟ್ ಎತ್ತೋಕಾಗಲ್ಲ ಕಣಯ್ಯ. ಸೊಸೆಗೆ ಹೇಗೆ ಹೇಳಲಿ?" ಅಂದರು. ಆ ತಿಂಗಳು ನಲವತ್ತೊಂದು ಜನ ನೆಲಮಾಳಿಗೆಗೆ ಇಳಿದು ಉತ್ತರ ತಿದ್ದಿಸಿದರು, ಸಮೀಕ್ಷೆಯವಳು ಹೊಸ ಪಟ್ಟಿಯನ್ನು ಮೇಲಿನವರಿಗೆ ಕಳಿಸಿದಳು.

ಕೋಣೆ ಪೂರ್ತಿ ಉಳಿಯಲಿಲ್ಲ. ಅರ್ಧಕ್ಕೆ ಫೈಲಿನ ಬೀರುಗಳು ಬಂದವು, ಮಿಕ್ಕ ಅರ್ಧ ಗುರುವಾರಕ್ಕೆ ಮಾತ್ರ ಸಿಕ್ಕಿತು. ಬೀರುಗಳ ನಡುವೆ ಒತ್ತೊತ್ತಾಗಿ ನಿಂತು ಏಳೆಂಟು ಜನ ಕೈಯೆತ್ತಿ ಇಳಿಸುತ್ತಾರೆ. ಮೇಷ್ಟ್ರು ಐದು ವಾರ ಬಂದರು. ಆರನೇ ವಾರ ಬರಲಿಲ್ಲ, ಆಮೇಲೂ ಬರಲಿಲ್ಲ. ಅವರು ನಿಲ್ಲುತ್ತಿದ್ದ ಜಾಗದಲ್ಲಿ ಯಾರೂ ನಿಲ್ಲುವುದಿಲ್ಲ.

ಗಾಜಣ್ಣ ಈಗ ಬೇರೊಂದು ಅಂಗಡಿಯಲ್ಲಿ ಅರ್ಧ ದಿನ ಕೂತು ಫೋಟೋ ಚೌಕಟ್ಟಿಗೆ ಗಾಜು ಕತ್ತರಿಸುತ್ತಾನೆ. ಸಂಜೆಯ ಮನೆ ಇನ್ನೂ ಮೌನವಾಗಿಯೇ ಇದೆ. ಅವನು ಒಲೆ ಹಚ್ಚಿ, ಒಬ್ಬನಿಗೆ ಬೇಕಾದಷ್ಟು ಅನ್ನಕ್ಕೆ ಇಟ್ಟು, ಅದು ಬೇಯುವ ತನಕ ಗೋಡೆ ಹಿಡಿದುಕೊಂಡು ಇಪ್ಪತ್ತು ಸಲ ಕೂತು ಏಳುತ್ತಾನೆ.