ಭಾನುವಾರ ಪಂಪು ಓಡಿಸಿದವನು

ನನ್ನ ಓಪಾ, ಎಂದರೆ ಅಪ್ಪನ ಅಪ್ಪ, ಸೀಟ್ಸೆ ವಿಯಾರ್ಡಾ ಹಾಲೆಂಡಿನಿಂದ ಬಂದು ಹಡಗಿನಿಂದ ಕಾಲು ಕೆಳಗಿಟ್ಟಾಗ ಕೆನಡಾ ದೇಶವೇ ಒಂದು ಗೇಣು ಕುಸಿಯಿತು. ನಂಬದವರು ನಮ್ಮ ಜೌಗನ್ನು ನೋಡಬಹುದು. ಸುತ್ತಲಿನ ನೆಲಕ್ಕಿಂತ ಇಂದಿಗೂ ಅದು ತಗ್ಗಿನಲ್ಲಿದೆ. ಅಲ್ಲಿಯ ಕರಿಮಣ್ಣಿನಲ್ಲಿ ಓಪಾ ಬೆಳೆದ ಈರುಳ್ಳಿ ಎಂಥದೆಂದರೆ, ಒಂದನ್ನು ಹೆಚ್ಚಿದರೆ ಪಕ್ಕದ ಊರಿನವರೂ ಕಣ್ಣೊರೆಸಿಕೊಳ್ಳುತ್ತಿದ್ದರು.

ಇಂಥ ಮನುಷ್ಯನ ಹೆಸರು ನಮ್ಮ ಚರ್ಚಿನ ಎಪ್ಪತ್ತೈದನೇ ವರ್ಷದ ನೆನಪಿನ ಪುಸ್ತಕದಲ್ಲಿ ಇಲ್ಲ! ಹಳೆಯ ಆರ್ಗನ್ ವಾದ್ಯಕ್ಕೆ ಎರಡು ಪುಟ. ಅದರೊಳಗೆ ಸಂಸಾರ ಹೂಡಿದ್ದ ಇಲಿಗಳಿಗೆ ಒಂದು ಪ್ಯಾರಾ. ಓಪಾನಿಗೆ ಅರ್ಧ ಸಾಲೂ ಇಲ್ಲ.

ಬೆಳಗಿನ ಆರಾಧನೆ ಮುಗಿದು ಎಲ್ಲರೂ ಕಾಫಿಗೆ ಕುಳಿತಿದ್ದಾಗ ಪುಸ್ತಕ ಬರೆದ ಬೆರೆಂಡ್ ಕೋಲ್‌ಸ್ತ್ರಾ ಎದ್ದು ನಿಂತು ಅದನ್ನು ಓದಿದರು. ಮರುದಿನ ಬೆಳಿಗ್ಗೆ ಅದು ಅಚ್ಚಿಗೆ ಹೋಗುವುದಿತ್ತು. “ಸಾವಿರದ ಒಂಬೈನೂರ ಐವತ್ತಾರರಲ್ಲಿ ನೀರು ಏರಿಯ ತುದಿ ಮುಟ್ಟಿದಾಗ, ಹಿರಿಯರಾದ ಕೋಲ್‌ಸ್ತ್ರಾ ಅವರ ಮುಂದಾಳ್ತನದಲ್ಲಿ ಸಭೆಯು ಭಾನುವಾರವಿಡೀ ಪ್ರಾರ್ಥಿಸಿತು. ಸಂಜೆಗೆ ನೀರು ತಾನಾಗಿ ಇಳಿಯಿತು.”

ಹಿರಿಯ ಕೋಲ್‌ಸ್ತ್ರಾ ಎಂದರೆ ಈ ಬೆರೆಂಡರ ಅಪ್ಪ. ಅದಿರಲಿ. ತಾನಾಗಿ!

ಭಾನುವಾರ ಕೆಲಸ ಮಾಡುವುದು ಪಾಪವೆಂದು ನಮ್ಮಲ್ಲಿ ಆಗೆಲ್ಲ ಆ ದಿನದ ಆಲೂಗಡ್ಡೆಯ ಸಿಪ್ಪೆಯನ್ನೂ ಶನಿವಾರವೇ ಸುಲಿದಿಡುತ್ತಿದ್ದರು. ಹಾಗಾಗಿ ಹೊಲದ ನೀರನ್ನು ಏರಿಯಾಚೆಗೆ ಎತ್ತಿಹಾಕುವ ಪಂಪನ್ನು ಶನಿವಾರವೇ ನಿಲ್ಲಿಸಿ, ಊರಿಗೆ ಊರೇ ಚರ್ಚಿಗೆ ಹೋಯಿತು, ಒಮ್ಮೆಯಲ್ಲ, ಎರಡು ಸಲ. ಓಪಾ ಹೋಗಲಿಲ್ಲ. ಸೊಂಟದವರೆಗಿನ ನೀರಿನಲ್ಲಿ ನಿಂತು ಒಬ್ಬನೇ ಪಂಪು ಓಡಿಸಿದ. ಅವನ ಬೆವರೇ ಅರ್ಧ ಪ್ರವಾಹವಾಗಿತ್ತು, ಅದನ್ನೂ ಅವನೇ ಎತ್ತಿ ಹೊರಹಾಕಿದ. ಪಂಪಿನ ದಡದಡ ಸದ್ದು ಚರ್ಚಿನೊಳಕ್ಕೂ ನುಗ್ಗಿದಾಗ ಪಾದ್ರಿ ಕೈಯೆತ್ತಿ, ಕೀರ್ತನೆಯನ್ನು ಇನ್ನೂ ಜೋರಾಗಿ ಹಾಡಿ ಎಂದರಂತೆ. ಊರಿನ ಈರುಳ್ಳಿ ಉಳಿಯಿತು. ಅದನ್ನೆಲ್ಲ ತಮ್ಮ ತಮ್ಮ ಕೊಟ್ಟಿಗೆಗೆ ತುಂಬಿಕೊಂಡ ಮೇಲೆ ಸಭೆಯ ಹಿರಿಯರು ಸೇರಿ, ಸಬ್ಬತ್ ಎಂಬ ಆ ವಿಶ್ರಾಂತಿಯ ದಿನವನ್ನು ಮುರಿದವನೆಂದು ಓಪಾನನ್ನು ಮೂರು ತಿಂಗಳು ಕರ್ತನ ಭೋಜನದಿಂದ, ಎಂದರೆ ಚರ್ಚಿನ ರೊಟ್ಟಿ-ದ್ರಾಕ್ಷಾರಸದ ಪಂಕ್ತಿಯಿಂದ, ಹೊರಗಿಟ್ಟರು.

“ನೀರು ತಾನಾಗಿ ಹೆಂಗೆ ಇಳೀತು, ಬೆರೆಂಡ್ ಮಾಮ? ಅದಕ್ಕೇನು ಕಾಲಿತ್ತಾ?” ಎಂದೆ. ಮೆಲ್ಲಗೇ ಎಂದೆ, ಕಿಟಕಿಯ ಮೂರು ಗಾಜು ಮಾತ್ರ ಅದುರಿದವು.

“ಕಾಫಿ ಕುಡಿಯೇ ಹಿಲ್ಲೆ, ತಣ್ಣಗಾಗ್ತದೆ.”

“ಮೊದ್ಲು ನನ್ನ ತಲೆ ತಣ್ಣಗಾಗ್ಲಿ. ಓಪಾನ ಹೆಸರೆಲ್ಲಿ?”

“ನಿಮ್ಮನೆ ಮರ್ಯಾದೆ ಉಳೀಲಿ ಅಂತ್ಲೇ ಬಿಟ್ಟಿದ್ದು ಕಣಮ್ಮಾ. ಹೆಸರು ಹಾಕಿದ್ರೆ ಶಿಕ್ಷೆ ಕೊಟ್ಟಿದ್ದೂ ಬರೀಬೇಕು.”

“ಬರೀರಿ! ದಪ್ಪಕ್ಷರದಲ್ಲಿ ಬರೀರಿ! ನಾಚಿಕೆ ಆಗ್ಬೇಕಾದ್ದು ಯಾರಿಗೆ ಅಂತ ಓದಿದೋರೇ ಹೇಳ್ತಾರೆ.”

ಅವರು ಸಭೆಯ ಹಳೆಯ ನಡಾವಳಿ ಪುಸ್ತಕ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. ‘ಸೀಟ್ಸೆ ವಿಯಾರ್ಡಾ ತಪ್ಪೊಪ್ಪಿ, ಪಶ್ಚಾತ್ತಾಪಪಟ್ಟು ಮರಳಿದನು.’

“ಹೆಸರು ಬೇಕಂದ್ರೆ ಇದೂ ಬರ್ತದೆ. ಏನ್ ಮಾಡ್ಲಿ, ಹೇಳು.”

ಆ ಸಾಲನ್ನು ಎರಡು ಸಲ ಓದಿದೆ. ಓಪಾ ಕ್ಷಮೆ ಕೇಳಿದ್ದನೇ? ಹೆಸರಿಲ್ಲದೆ ಹೋಗುವುದು ಒಂದು ಅವಮಾನವಾದರೆ, ತಲೆ ತಗ್ಗಿಸಿಕೊಂಡು ಪುಸ್ತಕದೊಳಗೆ ನಿಲ್ಲುವುದು ಅದಕ್ಕಿಂತ ದೊಡ್ಡದು.

“ಸುಳ್ಳು,” ಎಂಬ ದನಿ ಮೂಲೆಯಿಂದ ಬಂತು. ಓಪಾನ ಮಗಳು, ನನ್ನ ಫೆನ್ನಾ ಅತ್ತೆ. ವಯಸ್ಸು ಎಂಬತ್ತೆಂಟು. “ಬೆರೆಂಡ್, ನಿಮ್ಮಪ್ಪ ಇನ್ನಿಬ್ರನ್ನ ಕಟ್ಕೊಂಡು ನಮ್ಮನೆಗೆ ಬಂದ. ‘ತಪ್ಪಾಯ್ತು ಅನ್ನು ಸೀಟ್ಸೆ’ ಅಂದ. ನಮ್ಮಪ್ಪ ಏನಂದ ಗೊತ್ತಾ? ‘ಮುಂದಿನ ಭಾನುವಾರ ನೀರು ಬಂದ್ರೂ ಓಡಿಸ್ತೀನಿ. ನಿಮಗೆ ಆಗಲ್ಲ ಅಂದ್ರೆ, ಸೋಮವಾರ ಬಾ ಅಂತ ನೀರಿಗೆ ಹೇಳ್ಕಳಿ.’ ನಿಮ್ಮಪ್ಪ ಕೆಮ್ಮಿದ. ಆ ಕೆಮ್ಮನ್ನೇ ಪಶ್ಚಾತ್ತಾಪ ಅಂತ ಬರ್ಕೊಂಡ್ರು.”

ಯಾರೋ ಕಿಸಕ್ಕೆಂದರು. ಬೆರೆಂಡ್ ಮಾಮನ ಕಿವಿ ಬೀಟ್‌ರೂಟಾಯಿತು.

“ನಮ್ಮಪ್ಪ ಸತ್ತು ಮೂವತ್ತು ವರ್ಷ ಆಯ್ತು, ಫೆನ್ನಕ್ಕ. ಅವನು ಎದ್ದು ಬಂದು ಉತ್ತರ ಹೇಳ್ತಾನಾ?”

“ನಮ್ಮಪ್ಪ ಸತ್ತು ನಲವತ್ತು. ಅವನೂ ಬರಲ್ಲ. ಅವತ್ತು ಡಬ್ಬದಲ್ಲಿ ಡೀಸೆಲ್ ಹೊತ್ತು ಸುರಿದೋಳು ನಾನು, ಇಲ್ಲೇ ಕೂತಿದೀನಿ. ಪುಸ್ತಕ ಬರೆಯೋವಾಗ ನನ್ನನ್ನ ಒಂದ್ ಮಾತು ಕೇಳಿದ್ಯೇನೋ?”

ಅವರು ಕೇಳಿರಲಿಲ್ಲ. ಕೈಯಲ್ಲಿದ್ದ ಹಾಳೆಗಳನ್ನು ಸುಮ್ಮನೆ ಜೋಡಿಸಿದರು. “ಸರಿ. ಪಂಪಿನ ವಿಷಯ ಸೇರಿಸೋಣ. ಪಂಪು ಓಡ್ತಾ ಇತ್ತು ಅಂತ,” ಎಂದರು.

“ಅದೂ ತಾನಾಗಿ ಓಡ್ತಾ?” ಎಂದೆ. “ಓಡಿಸಿದೋರು ಯಾರು?”

“ಎಲ್ಲರಿಗೂ ಗೊತ್ತಲ್ಲೇ!”

“ಗೊತ್ತಿರೋರೆಲ್ಲ ಇವತ್ತೋ ನಾಳೆಯೋ ಅನ್ನೋ ಹಂಗಿದಾರೆ ಮಾಮ. ನೀವೂ ಸೇರಿ.”

“ಆಯ್ತು ಮಾರಾಯ್ತಿ, ಹೆಸರೂ ಹಾಕ್ತೀನಿ. ಆದ್ರೆ ಇವತ್ತು ಭಾನುವಾರ. ನಾಳೆ ಬರೀತೀನಿ.”

ನಾಳೆಯಂತೆ! ಅಷ್ಟರಲ್ಲಿ ಹಾಳೆಗಳು ಅಚ್ಚಿನ ಮನೆಯಲ್ಲಿರುತ್ತವೆ ಎಂಬುದು ಆರ್ಗನ್ನಿನ ಇಲಿಗಳಿಗೂ ತಿಳಿದಿತ್ತು. ನಾನು ಬಾಯಿ ತೆರೆಯುವುದರೊಳಗೆ ಫೆನ್ನಾ ಅತ್ತೆ ಊರುಗೋಲು ಕುಟ್ಟುತ್ತ ಬಂದು, ಬೆರೆಂಡ್ ಮಾಮನ ಜೇಬಿನಿಂದ ಪೆನ್ನು ಕಿತ್ತುಕೊಂಡಳು. ‘ತಾನಾಗಿ’ ಎಂಬುದನ್ನು ಹೊಡೆದು ಹಾಕಿದಳು. ಎಳೆದ ಭರಕ್ಕೆ ಗೆರೆ ಮೇಲಿನ ಸಾಲಿನ ಕೋಲ್‌ಸ್ತ್ರಾ ಮೇಲೂ ಹಾಯಿತು. ಆ ಜಾಗದಲ್ಲಿ ಅಪ್ಪನ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆಯತೊಡಗಿದಳು.

“ಫೆನ್ನಕ್ಕ, ಭಾನುವಾರ ಕಣಕ್ಕ...”

“ಹಂಗಾದ್ರೆ ನಂಗೂ ಮೂರು ತಿಂಗಳು ಹಾಕು,” ಎಂದಳು ಅತ್ತೆ, ಹಾಳೆಯಿಂದ ತಲೆಯೆತ್ತದೆ.