ಮಾಸು ಹೂತ ಜಾಗ

ಗಾಳಿ ಬೀಸಿದಾಗಲೆಲ್ಲ ಫ್ಲೆಕ್ಸ್ ಉಬ್ಬುತ್ತದೆ, ಅದರ ಮೇಲೆ ಅಚ್ಚಾದ ಗಂಗಮ್ಮನಿಗೆ ಹೊಟ್ಟೆ ಬರುತ್ತದೆ, ಗಾಳಿ ಇಳಿದರೆ ಹೊಟ್ಟೆಯೂ ಇಳಿಯುತ್ತದೆ, ಮೊಸಳೆಯ ಮೇಲೆ ಕೂರಿಸಿದ್ದಾರೆ ಅವಳನ್ನು, ಈ ಹೊಂಬಳಗೆರೆಯಲ್ಲಿ ಯಾರ ಬಾಯಲ್ಲೂ ನಾನು ಮೊಸಳೆಯನ್ನು ಕೇಳಿಲ್ಲ, ಗುಬ್ಬಿ ಕಡೆಯವರು ಹೇಳುವ ಕಥೆಯಲ್ಲಿ ಅವಳು ಜೊಂಡಿಗೆ ಒರಗಿ ನರಳುತ್ತಾಳೆ, ಕುಣಿಗಲ್ ಕಡೆಯದರಲ್ಲಿ ಮೊಣಕಾಲುದ್ದದ ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕೂತಿರುತ್ತಾಳೆ, ಮೊಸಳೆ ಬಂದದ್ದು ತುಮಕೂರಿನ ಯಾವುದೋ ಫ್ಲೆಕ್ಸ್ ಅಂಗಡಿಯ ಕಂಪ್ಯೂಟರಿನಿಂದ — ಇರಲಿ, ಮೊಸಳೆಯನ್ನು ಸಹಿಸಬಹುದು, ಅದರ ಕೆಳಗಿನ ಸಾಲುಗಳನ್ನು ಸಹಿಸುವುದು ಹೇಗೆ, ಸ್ಥಳಮಹಿಮೆ, ಇದೇ ಪುಣ್ಯಭೂಮಿಯಲ್ಲಿ ಗಂಗಾಮಾತೆಯು ಪ್ರಸವಿಸಿದಳು, ಆದ್ದರಿಂದ ಇಲ್ಲಿಯೇ ಭವ್ಯ ಮಂಟಪ, ನಡಿಗೆಪಥ, ಕಾರಂಜಿ, ಹೇಳಿದವರು ಚಿಕ್ಕಮಾರಮ್ಮ, ಸಂಗ್ರಹಿಸಿದವರು ಎಂದು ನನ್ನ ಹೆಸರು. ಅಷ್ಟೇ. ಹೆತ್ತಳು, ಮುಗಿಯಿತು. ಹೆತ್ತ ಮೇಲೆ ಏನಾಯಿತು ಎಂಬುದನ್ನು ಹೇಳುವುದಕ್ಕೇ ಅಲ್ಲವೇ ಈ ಕಥೆ ಇರುವುದು, ಬೆಳಿಗ್ಗೆ ಈ ಗುದ್ದಲಿಪೂಜೆಗೆ ಬಂದ ಕೂಡಲೇ ಭಾನುಪ್ರಕಾಶನನ್ನು ಕೇಳಿದೆ, ಈ ಕೆರೆ ಅಭಿವೃದ್ಧಿಯ ಎಂಜಿನಿಯರು ಆತ, ಇಸ್ತ್ರಿ ಮುರಿಯದ ಬಿಳಿ ಅಂಗಿ, ಮಾತು ಬೆಣ್ಣೆ, ಅದೇ ನನಗೆ ಇನ್ನಷ್ಟು ಉರಿ ಹತ್ತಿಸಿದ್ದು, ನಾನು ಕಳಿಸಿದ್ದು ಇಡೀ ಕಥೆಯನ್ನು, ಹೆತ್ತ ಮೇಲೆ ಬೀಳುವ ಮಾಸು ಎಲ್ಲಿ ಹೋಯಿತು ಎಂದರೆ, ಅಯ್ಯೋ ಮೇಡಂ, ಫ್ಯಾಮಿಲಿಗಳು ವಾಕಿಂಗ್ ಬರೋ ಜಾಗ, ಮಕ್ಳು ಐಸ್‌ಕ್ರೀಮ್ ತಿಂತಾ ಓದೋ ಬೋರ್ಡು, ಅದ್ರಲ್ಲಿ ಮಾಸು ಗೀಸು ಅಂತೆಲ್ಲ ಹಾಕಕ್ಕಾಗತ್ತಾ, ದೇವ್ರ ವಿಷ್ಯ ಬೇರೆ, ನೀಟಾಗಿರ್ಲಿ ಅಂತ ಸ್ವಲ್ಪ ಎಡಿಟ್ ಮಾಡಿಸ್ದೆ. ನೀಟು! ತಾಯ ಹೊಟ್ಟೆಯಲ್ಲಿ ಕೂಸನ್ನು ಸಾಕಿದ್ದೇ ಆ ಮಾಸು, ಅದಿಲ್ಲದೆ ಈತನೂ ಇಲ್ಲ, ಈತನ ಬಿಳಿ ಅಂಗಿಯೂ ಇಲ್ಲ, ಮೂವತ್ತು ವರ್ಷ ಊರೂರು ಅಲೆದು ಒಂದು ಕೆಮ್ಮನ್ನೂ ಬಿಡದೆ ಬರೆದುಕೊಂಡ ನನ್ನ ಹೆಸರಿನ ಮೇಲೆ ಈ ನೀಟು ಕಥೆ, ದೇವಿ ಎಲ್ಲಿ ಅಗೆಯಬೇಡಿ ಎಂದಳೋ ಅಲ್ಲೇ ಅಗೆಯುವುದಕ್ಕೆ ಅವಳ ಕಥೆಯನ್ನೇ ಅಪ್ಪಣೆಯಾಗಿ ತೋರಿಸುವ ಈ ಧೈರ್ಯ —

ಚಿಕ್ಕಮಾರಮ್ಮ ಆ ಕಥೆಯನ್ನು ಹೇಳಿದ್ದು ತನ್ನ ಜಗುಲಿಯಲ್ಲಿ, ಅವರೆಕಾಯಿ ಸುಲಿಯುತ್ತಾ, ಕಥೆಯಲ್ಲಿ ನಡುಹಗಲು, ಸೂಲಗಿತ್ತಿ ರಾಗಿ ಬೀಸುತ್ತಿದ್ದಾಳೆ, ಸೆರಗಿನ ಅಂಚಿನಿಂದ ನೀರು ಸೋರುವ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು, ಬಾರವ್ವ, ನಮ್ಮಕ್ಕಂಗೆ ನೋವು ಬಂದೈತೆ, ಹಿಂದೆ ಹಿಂದೆಯೇ ಹೋದರೆ ಕೆರೆಯ ಬಾಯಿ, ಹಳ್ಳ ಬಂದು ಕೆರೆಗೆ ಬೀಳುವ ಈ ಜಾಗ, ಜೊಂಡು ಎರಡು ಪಾಲಾಗಿ ದಾರಿ ಬಿಟ್ಟಿತು, ಒಳಗೆ ಗಂಗಮ್ಮ, ಹೆತ್ತಳು, ಹೊಸನೀರನ್ನೇ ಹೆತ್ತಳು, ಸೂಲಗಿತ್ತಿ ಕೈತೊಳೆದು ಕೇಳಿದಳು, ತಾಯಿ, ಮಾಸನ್ನ ಎಲ್ಲಿ ಹೂಳ್ಳಿ, ಗಂಗಮ್ಮ ಅಂದಳು, ದೂರ ಒಯ್ಯಬ್ಯಾಡ ಕಣವ್ವ, ಇಲ್ಲೇ ಜೊಂಡಿನ ಬುಡದಲ್ಲೇ ಹೂಳು, ಮ್ಯಾಲಿಂದ ಬರೋ ಕೊಳೆನೆಲ್ಲ ನನ್ ಮಾಸು ನುಂಗ್ತದೆ, ಅರಗಿಸ್ಕಂಡು ಚಿಗುರು ಮಾಡಿ ಮ್ಯಾಕ್ ಕಳಿಸ್ತದೆ, ತಿಳಿನೀರು ಮಾತ್ರ ಕೆಳಕ್ ಬುಡ್ತದೆ, ಜೊಂಡು ಕೊಯ್ಕಳಿ, ಬೇರ್ ಕೀಳ್ಬ್ಯಾಡಿ, ಮಾಸು ಹೂತ ಜಾಗ ಅಗುದ್ರೋ, ನನ್ ಎದೆಹಾಲು ಕೆಡ್ತದೆ. ಇಷ್ಟು ಹೇಳಿ ಮುದುಕಿ ಕೈ ನಿಲ್ಲಿಸಿದ್ದಳು, ಹೂಂ ಅನ್ನವ್ವ, ನಾನೇನು ಗೋಡೆಗೆ ಹೇಳ್ತಾ ಇದೀನಾ, ಹೂಂಗುಡದೆ ಕೂತ್ರೆ ಕತೆ ನನ್ ಗಂಟ್ಲಲ್ಲೇ ಸಿಗಾಕ್ಕತದೆ — ನಾನು ಹೂಂ ಎಂದೆ, ಕಥೆ ಮುಂದೆ ಹೋಯಿತು. ಇಂದಿಗೂ ಚಾಪೆಗೆಂದು ಜೊಂಡು ಕೊಯ್ಯುವ ಹೆಂಗಸರ ಕುಡುಗೋಲು ನೀರಿನ ಮಟ್ಟದಲ್ಲೇ ನಿಲ್ಲುತ್ತದೆ, ಬೇರಿಗೆ ಯಾರೂ ಕೈ ಹಾಕುವುದಿಲ್ಲ, ಮರಳೂರಿನಾಚೆ ಎದ್ದ ಬಡಾವಣೆಗಳ ಬಚ್ಚಲು ನೀರೆಲ್ಲ ಈಗ ಈ ಹಳ್ಳದಲ್ಲೇ ಬರುತ್ತದೆ, ನೊರೆಯೆಬ್ಬಿಸಿಕೊಂಡು, ಕಪ್ಪಾಗಿ, ಮೂಗು ಮುಚ್ಚುವಂತೆ, ಜೊಂಡಿನೊಳಗೆ ಹೊಕ್ಕು ಆಚೆ ಬರುವಷ್ಟರಲ್ಲಿ ಬಾತುಕೋಳಿ ಈಜುವ ನೀರಾಗಿರುತ್ತದೆ. ಭೂಮಿಕಾ ಹೇಳಿದಳಲ್ಲ, ಕೆರೆಯ ಕೆಸರನ್ನು ಅಭ್ಯಾಸ ಮಾಡಲು ವಿಶ್ವವಿದ್ಯಾಲಯದಿಂದ ಬಂದ ಹುಡುಗಿ, ಉದ್ದನೆಯ ಕೊಳವೆಯನ್ನು ಇಲ್ಲೇ ಇಳಿಸಿ ಮೇಲೆತ್ತಿದಾಗ ಒಳಗೆ ಕಾಡಿಗೆಯಂಥ ಕಪ್ಪು, ನೋಡಿ ಮೇಡಂ, ಈ ಕೆಸರೊಳಗೆ ಗಾಳಿ ಆಡಲ್ಲ, ಅದಕ್ಕೇ ತಾತಮುತ್ತಾತನ ಕಾಲದ ಜೊಂಡು ಪೂರ್ತಿ ಕೊಳೀದೆ ಇಂಗಾಲವಾಗಿ ಇಲ್ಲೇ ಕೂತಿದೆ, ಎತ್ತಿ ಬಿಸಿಲಿಗೆ ಹಾಕಿದ್ರೆ ಹೊಗೆ ಕಾಣಲ್ಲ ಅಷ್ಟೇ, ಉರಿದ ಹಾಗೇ ಗಾಳಿಗೆ ಹೋಗತ್ತೆ, ಇನ್ನು ಬಚ್ಚಲು ನೀರಿನ ಸಾರಜನಕ, ಒಂದಷ್ಟನ್ನ ಜೊಂಡೇ ಉಂಡು ಬೆಳೆಯತ್ತೆ, ಉಳಿದದ್ದನ್ನ ಗಾಳಿಯಿಲ್ಲದ ಕೆಸರಲ್ಲಿರೋ ಸೂಕ್ಷ್ಮಜೀವಿಗಳು ಮುರಿದು ಬರೀ ಗಾಳಿ ಮಾಡಿ ಮೇಲಕ್ಕೆ ಬಿಡ್ತವೆ. ಆಗ ನಾನು ಕಥೆ ಹೇಳಿದೆ, ಅವಳು ಕೆಸರುಗೈಯಲ್ಲೇ ಹಣೆ ಚಚ್ಚಿಕೊಂಡು ನಕ್ಕಳು, ನನ್ನ ಥೀಸಿಸ್ಸೂ ಇಷ್ಟೇ ಹೇಳೋದು ಮೇಡಂ, ದೇವ್ರು ಬರಲ್ಲ ಅಷ್ಟೇ, ಮರುಕ್ಷಣ ನಗು ಹೋಯಿತು, ಕೆರೆ ಏರಿಯ ಕೆಳಗಿರೋ ಸೇದೋ ಬಾವಿ ನೀರು ಪರೀಕ್ಷೆ ಮಾಡಿದೀನಿ, ಇವತ್ತಿಗೆ ಚೆನ್ನಾಗಿದೆ, ಈ ಜೊಂಡು ಹೋದ್ರೆ ನೈಟ್ರೇಟು ಅಲ್ಲಿಗೆ ಇಳಿಯತ್ತೆ, ದೊಡ್ಡವರು ಹೇಗೋ ತಡ್ಕೋತಾರೆ, ಆ ನೀರಲ್ಲಿ ಪುಡಿಹಾಲು ಕಲಸಿ ಕುಡಿಸಿದ್ರೆ ಎಳೆಕೂಸುಗಳ ಮೈ ನೀಲಿಗಟ್ಟತ್ತೆ. ಎಳೆಕೂಸು ಎಂದರೆ ಯಾರು, ಇಗೋ ಶಾಮಿಯಾನದ ಮೂರನೇ ಸಾಲಿನಲ್ಲಿದೆ, ಚಿಕ್ಕಮಾರಮ್ಮನ ಮೊಮ್ಮಗಳು ಪಲ್ಲವಿಯ ತೊಡೆಯ ಮೇಲೆ, ತಾಯಿಗೆ ಹಾಲು ಸಾಲದು, ಸೀಸೆ ಬಾಯಲ್ಲಿದೆ, ಆ ಸೀಸೆಯಲ್ಲಿರುವುದು ಆ ಬಾವಿಯ ನೀರು — ಇದನ್ನೂ ಹೇಳಿದೆ ಭಾನುಪ್ರಕಾಶನಿಗೆ, ಮುಂದೆ ಕೊಳಚೆ ನೀರು ಶುದ್ಧ ಮಾಡೋ ಎಸ್‌ಟಿಪಿ ಆಗತ್ತೆ ಮೇಡಂ, ಪ್ರಪೋಸಲ್‌ನಲ್ಲಿದೆ, ಎಂದ, ಕೂಸು ಆ ಪ್ರಪೋಸಲನ್ನು ಕುಡಿಯುತ್ತದೆಯೇ ಎಂದರೆ ಗಡಿಯಾರ ನೋಡಿಕೊಂಡ.

ಅವನಿಗಿಂತಲೂ ಹೆಚ್ಚು ಸಿಟ್ಟು ಬರಿಸಬೇಕಾದವನು ಪಂಚಾಯಿತಿ ಅಧ್ಯಕ್ಷ ಗಂಗಣ್ಣ, ಆದರೆ ಅವನ ಕಣ್ಣಲ್ಲಿ ನಿಜವಾದ ಭಕ್ತಿಯಿದೆ, ಅದನ್ನು ಏನು ಮಾಡುವುದು, ನಮ್ಮೂರ ತಾಯಿ ಹೆತ್ತ ಜಾಗ ಹಿಂಗೆ ಕೊಚ್ಚೇಲಿ ಬಿದ್ದಿರದು ನಮ್ಗೇ ಅವಮಾನ ಅಲ್ವಾ ಮೇಡಂ, ಗುದ್ದಲಿಪೂಜೆಗೆಂದು ಮನೆಯ ತೋಟದಿಂದಲೇ ಎಳನೀರು, ಬಾಳೆಕಂದು ತರಿಸಿದ್ದಾನೆ, ಹಿಟಾಚಿಯ ಬಕೆಟ್ಟಿಗೆ ಸ್ವಂತ ಕೈಯಿಂದ ಅರಿಶಿನ ಕುಂಕುಮ ಬಳಿದಿದ್ದಾನೆ, ಚೈನಿನ ಕೆಳಗೆ ನಿಂಬೆಹಣ್ಣು, ಬಾಣಂತಿಯ ಕೋಣೆಗೆ ಹಿಟಾಚಿ ನುಗ್ಗಿಸುವುದಕ್ಕೆ ಇಷ್ಟೊಂದು ಮಡಿ! ಈಗ ಸನ್ಮಾನ, ಚಿಕ್ಕಮಾರಮ್ಮನನ್ನು ಎಬ್ಬಿಸಿ ಶಾಲು ಹೊದಿಸುತ್ತಿದ್ದಾರೆ, ಅದೇನಪ್ಪ ಈ ಸುಡುಬಿಸ್ಲಲ್ಲಿ ಕಂಬ್ಳಿ ಹೊದಿಸ್ತೀರ, ನಂಗೇನ್ ಚಳಿಜ್ವರನಾ, ಶಾಮಿಯಾನವೆಲ್ಲ ನಗುತ್ತದೆ, ಗಂಗಣ್ಣ ಮೈಕನ್ನು ಅವಳ ಗದ್ದಕ್ಕೆ ಹಿಡಿದು, ಅಜ್ಜಿ, ತಾಯಿ ಹೆತ್ತ ಕತೆ ಹೇಳವ್ವ, ಎಲ್ಡೇ ನಿಮ್ಸ, ಮುದುಕಿ ಗಂಟಲು ಸರಿಮಾಡಿಕೊಂಡು ಶುರುಮಾಡುತ್ತಾಳೆ, ರಾಗಿ ಬೀಸುವುದು, ಸೋರುವ ಸೆರಗು, ಇಬ್ಭಾಗವಾದ ಜೊಂಡು, ಹೆತ್ಲು ಕಣ್ರಪ್ಪ ತಾಯಿ, ಎಂದು ನಿಲ್ಲಿಸುತ್ತಾಳೆ, ನಿಲ್ಲಿಸಿದ್ದು ಹೂಂ ಎನ್ನಲಿ ಎಂದು, ಇಷ್ಟು ಜನ ಕೂತಿದ್ದಾರೆ, ಒಬ್ಬರಾದರೂ ಹೂಂ ಎನ್ನಬಾರದೇ, ಬದಲಿಗೆ ಚಪ್ಪಾಳೆ, ಭಾನುಪ್ರಕಾಶನೇ ಮೊದಲು ತಟ್ಟಿದ, ಸೂಪರ್ ಅಜ್ಜಿ, ಥ್ಯಾಂಕ್ಯೂ, ಮೈಕು ಅವಳ ಗದ್ದದಿಂದ ಹೊರಟೇಹೋಯಿತು, ಅವಳ ಬಾಯಿ ಮಾತ್ರ ತೆರೆದೇ ಇದೆ — ಎದ್ದು ನಿಂತಿದ್ದೇನೆ, ಯಾವಾಗ ಎದ್ದೆನೋ, ಹೂಂ, ಎಂದೆ, ಜೋರಾಗಿಯೇ, ಹೂಂ ಮುಂದಕ್ಕೆ, ಮುಂದಿನ ಸಾಲಿನ ಟೋಪಿಗಳೆಲ್ಲ ತಿರುಗಿ ನೋಡುತ್ತಿವೆ, ನೋಡಲಿ, ಚಿಕ್ಕಮಾರಮ್ಮ ನನ್ನತ್ತ ನೋಡಿ, ಅಲ್ನೋಡು, ಕತೆ ಕೇಳೋರು ಒಬ್ರಾದ್ರೂ ಅವ್ರೆ, ಸೂಲಗಿತ್ತಿ ಏನಂದ್ಲು, ತಾಯಿ, ಮಾಸನ್ನ ಎಲ್ಲಿ ಹೂಳ್ಳಿ ಅಂದ್ಲು, ಮೈಕಿಲ್ಲದೆಯೂ ಆ ದನಿ ಹಿಂದಿನ ಸಾಲಿನವರೆಗೆ ಹೋಗುತ್ತಿದೆ, ಹೆಂಗಸರ ಕಡೆಯಿಂದ ಒಂದು ಹೂಂ, ಪಲ್ಲವಿಯದೇ ಇರಬೇಕು, ಇನ್ನೊಂದು, ಗಂಗಣ್ಣ ಮುಜುಗರದಿಂದ ಕೈಯಾಡಿಸುತ್ತಾನೆ, ಏ ಸುಮ್ಕಿರವ್ವ, ಒಳ್ಳೆ ಕೆಲ್ಸದ ಟೈಮಲ್ಲಿ ಅದ್ಯಾಕೆ, ರಾಹುಕಾಲ ಬತ್ತದೆ, ಹಿಟಾಚಿಯವನ ಕಡೆ ತಿರುಗಿ, ರಂಗರಾಜು, ಹೊಡಿಯೋ ಗಾಡಿ, ಗುದ್ದಲಿಯನ್ನು ನೆಲಕ್ಕೆ ಮುಟ್ಟಿಸಿ ಫೋಟೋ, ತೆಂಗಿನಕಾಯಿ ಒಡೆದ ಸದ್ದು, ಎಂಜಿನ್ನಿನ ಗುಡುಗು, ಕಥೆಯನ್ನು ಕತ್ತರಿಸಿದ್ದು ಸಾಲದೆಂದು ಅದರ ಮೇಲೆ ಡೀಸೆಲ್ ಹೊಗೆ —

ಜೊಂಡು ಮುರಿಯುವ ಸದ್ದು ಕಬ್ಬು ಮುರಿದಂತೆ, ಬಕೆಟ್ಟು ಇಳಿದು, ಬಗೆದು, ಎತ್ತಿತು, ಎಲ್ಲರೂ ಮೂಗಿಗೆ ಕರವಸ್ತ್ರ ಒತ್ತಿದರು, ಒಂದೇ ಒಂದು ಬಕೆಟ್ಟು, ಕಾಡಿಗೆಗಪ್ಪು, ಅದರ ಹಲ್ಲಿಗೆ ಸಿಕ್ಕಿಕೊಂಡು ಒಂದು ಬಿಳಿಯ ಬೇರು, ಹೆಬ್ಬೆರಳ ದಪ್ಪ, ಒಂದು ತುದಿ ಮೇಲೆ ಬಕೆಟ್ಟಿನಲ್ಲಿ, ಇನ್ನೊಂದು ಕೆಳಗೆ ಕೆಸರಿನೊಳಗೆ, ಈಗ ಅಗೆದ ಗುಂಡಿಗೆ ನೀರು ತುಂಬುತ್ತಿದೆ, ಗುಳ್ಳೆಗಳೇಳುತ್ತಿವೆ, ಎಷ್ಟು ಕಾಲದ ಉಸಿರೋ, ಚಿಕ್ಕಮಾರಮ್ಮ ಯಾವಾಗ ಶಾಮಿಯಾನ ದಾಟಿ ಹೋದಳು, ಶಾಲು ಕೆಸರಿನಲ್ಲಿ ಹೊರಳುತ್ತಿದೆ, ಗುಂಡಿಯ ಅಂಚಿನಲ್ಲಿ, ಆ ಬಿಳಿಯ ಬೇರಿನ ಪಕ್ಕದಲ್ಲೇ, ಹೆರಿಗೆಮನೆಯಲ್ಲಿ ಕೂರುವಂತೆ ಕುಕ್ಕರಿಸಿದ್ದಾಳೆ, ಕಥೆ ನಿಲ್ಲಿಸಿಲ್ಲ, ಜೊಂಡಿನ ಬುಡದಲ್ಲೇ ಹೂಳು ಅಂದ್ಲು ತಾಯಿ, ತೆಗಿಯೋ ಅಜ್ಜಿನ ಅಂತ ಗಂಗಣ್ಣ ಯಾರಿಗೋ ಕೂಗುತ್ತಾನೆ, ಮೈ ಮುಟ್ಟಿ ಎಬ್ಬಿಸುವವರು ಯಾರೂ ಮುಂದೆ ಬರುವುದಿಲ್ಲ, ಪಲ್ಲವಿ ಕೂಸನ್ನೆತ್ತಿಕೊಂಡೇ ಹೋಗಿ ಪಕ್ಕಕ್ಕೆ ನಿಂತಳು, ಅವಳ ಹಿಂದೆ ಚಾಪೆ ಹೆಣೆಯುವ ಹೆಂಗಸರು, ಚಪ್ಪಲಿ ಬಿಟ್ಟು, ನಾನೂ ಹೋಗಿ ನಿಂತೆ, ಅಣ್ಣೋ, ಕೆಳಗ್ ಜನ ಅವ್ರೆ, ಹೆಂಗ್ ತಿರುಗಿಸ್ಲಿ, ಮೇಲಿನಿಂದ ರಂಗರಾಜು, ಟಿಪ್ಪರ್‌ಗೆ ಹಾಕಯ್ಯ ಸುಮ್ನೆ, ಭಾನುಪ್ರಕಾಶ, ಈಗ ಮೃದುತ್ವವೆಲ್ಲ ಹೋದ ದನಿ, ಹೂಂ ಎನ್ನುತ್ತಿದ್ದೇವೆ, ಮುದುಕಿ ಹೇಳುತ್ತಿದ್ದಾಳೆ, ಬಕೆಟ್ಟು ಟಿಪ್ಪರಿನ ಕಡೆಗೂ ತಿರುಗದು, ಗುಂಡಿಗೂ ಇಳಿಯದು, ನನ್ನ ತಲೆಯ ಮೇಲೇ ನಿಂತಿದೆ, ಹಲ್ಲಿಗೆ ಸಿಕ್ಕ ಆ ಬಿಳಿಯ ಬೇರು, ಬಿಗಿದು ತಂತಿಯಾಗಿ ನಡುಗುತ್ತಿದೆ, ಅರ್ಧ ಗಾಳಿಯಲ್ಲಿ, ಅರ್ಧ ಕೆಸರಲ್ಲಿ, ಬಿಳಿಯ ಬೇರು, ಇನ್ನೂ ಕಿತ್ತಿಲ್ಲ, ಬಿಳಿಯ ಬೇರು —