ಗಾಳಿ ತೆಗೆಯುವ ಪೊನಿಯೆಮ್ ದೊಡ್ಡಮ್ಮ

ನಮ್ಮ ಓಣಿಯಲ್ಲಿ ಇನ್ನೊಬ್ಬರ ಪರವಾಗಿ ತೇಗುವ ಅಧಿಕಾರ ಇರುವುದು ಪೊನಿಯೆಮ್ ದೊಡ್ಡಮ್ಮ ಒಬ್ಬರಿಗೇ. ನೀವು ಚಾಪೆಯ ಮೇಲೆ ಬೋರಲು ಮಲಗಿರುತ್ತೀರಿ. ಅವರ ಹೆಬ್ಬೆರಳುಗಳು ನಿಮ್ಮ ಸೊಂಟದಿಂದ ಹೊರಟು, ಬೆನ್ನುಹುರಿಯ ಎರಡೂ ದಂಡೆ ಹಿಡಿದು, ಹೆಗಲಿನವರೆಗೆ ನಿಧಾನವಾಗಿ ಏರುತ್ತವೆ. ಅಲ್ಲಿ ಒಂದು ಕ್ಷಣ ನಿಂತು, ಒಳಗೇನನ್ನೋ ಹುಡುಕಿ, ಸಿಕ್ಕಿತು ಎಂಬಂತೆ ಅದುಮುತ್ತವೆ. ಆಗ ನಿಮ್ಮ ತಲೆಯ ಮೇಲುಗಡೆ, ಸಭಾಮರ್ಯಾದೆಯ ಹಂಗಿಲ್ಲದ, ದೀರ್ಘವೂ ಗಂಭೀರವೂ ಆದ ಒಂದು ತೇಗು ಹೊರಡುತ್ತದೆ. ನಿಮ್ಮ ಮೈಗೆ ಹೊಕ್ಕಿದ್ದ ಗಾಳಿ ಅವರ ಬೆರಳು ಹತ್ತಿ, ತೋಳು ಹತ್ತಿ, ಅವರ ಗಂಟಲಿನಿಂದ ಹೊರಬಿತ್ತೆಂದು ಅದರ ಅರ್ಥ. ಸೋಲೋ ಪಟ್ಟಣದ ನಮ್ಮ ಓಣಿಯಲ್ಲಿ ಇದನ್ನು ಯಾರೂ ಅನುಮಾನಿಸುವುದಿಲ್ಲ. ತಲೆಶೂಲೆ, ಹೊಟ್ಟೆಯುಬ್ಬರ, ಸೊಂಟ ಹಿಡಿತ, ನಿದ್ರಾಹೀನತೆ, ಅತ್ತೆಯ ಮೇಲಿನ ಅಕಾರಣ ಕೋಪ, ಎಲ್ಲಕ್ಕೂ ಮೂಲ ಗಾಳಿಯೇ: ಫ್ಯಾನಿನ ಗಾಳಿ, ಮೋಟಾರ್‌ಬೈಕಿನ ಗಾಳಿ, ಮಳೆಗೆ ಮುಂಚೆ ಬೀಸುವ ಆ ಕಳ್ಳ ಗಾಳಿ. ಬೆರಳಿಗೆ ಬಗ್ಗದ ಗಾಳಿಯನ್ನು ಎಣ್ಣೆಗದ್ದಿದ ನಾಣ್ಯದಿಂದ ಬೆನ್ನು ಗೀರಿ ಹೊರಡಿಸುತ್ತಾರೆ. ಅವರು ಈಗ ಯಾರ ಮನೆಯಲ್ಲಿದ್ದಾರೆ, ಆ ಮನೆಯವರ ಸ್ಥಿತಿ ಎಷ್ಟು ಸುಧಾರಿಸಿದೆ ಎಂಬುದನ್ನು ಓಣಿಯ ತುದಿಯಲ್ಲಿ ಕೂತು ಕಿವಿಯಿಂದಲೇ ತಿಳಿಯಬಹುದು.

ಗಾಳಿಯೊಂದಿಗೆ ಅವರದು ಆಜನ್ಮ ವೈರ. ಸಿಟಿ ಬಸ್ಸಿನ ಕಂಡಕ್ಟರರಾಗಿದ್ದ ಗಂಡ ಬಿಟ್ಟುಹೋದ ನೀಲಿ ಜಾಕೆಟ್ಟನ್ನು ಅವರು ಕೆಬಾಯ ರವಿಕೆಯ ಮೇಲೆ ಹಿಂದುಮುಂದಾಗಿ ತೊಡುತ್ತಾರೆ. ಜಿಪ್ಪು ಬೆನ್ನಿಗೆ, ಗಟ್ಟಿ ಬಟ್ಟೆ ಎದೆಗೆ, ಕಾಲರು ಗಲ್ಲಕ್ಕೆ. ಬೈಕಿನ ಮೇಲೆ ಹೋಗುವಾಗ ನಾವೆಲ್ಲರೂ ಹಾಗೆ ತೊಡುವುದುಂಟು, ಆದರೆ ಮೂರು ಮನೆಯಾಚೆ ಹೋಗಿ ಉಪ್ಪು ತರುವುದಕ್ಕೂ ಹಾಗೆ ಹೊರಡುವವರು ಅವರೊಬ್ಬರೇ. ನಡಿಗೆಯೂ ಜಾಕೆಟ್ಟಿಗೆ ತಕ್ಕದ್ದು. ಓಣಿಯ ನಡುವೆ ಎಂದೂ ನಡೆಯರು. ಗೋಡೆಗೆ ಒಂದು ಹೆಗಲು ತಾಗಿಸಿಕೊಂಡು, ಸಂದು ಬಂದಲ್ಲಿ ತಡೆದು, ಗಾಳಿ ಎತ್ತಲಿಂದ ಬರುತ್ತಿದೆಯೆಂದು ಮೂಗಿನಲ್ಲಿ ವಿಚಾರಿಸಿ, ಆಮೇಲೆ ಗಿಡ್ಡ ಹೆಜ್ಜೆಗಳಲ್ಲಿ ಸರಸರನೆ ದಾಟುತ್ತಾರೆ.

ಮಾತಿನ ತುದಿಯಲ್ಲೆಲ್ಲ ಒಂದು ‘ತಾನೆ?’ ಇರುತ್ತದೆ. ಅದು ಪ್ರಶ್ನೆಯಂತೆ ಕೇಳಿಸಿದರೂ ಉತ್ತರಕ್ಕೆ ಅಲ್ಲಿ ಜಾಗವಿಲ್ಲ. ಮಾತಾಡುವುದೂ ಮನುಷ್ಯರೊಂದಿಗೆ ಕಡಿಮೆ, ಅವರ ಅಂಗಾಂಗಗಳೊಂದಿಗೆ ಹೆಚ್ಚು. ಮೀನಖಂಡವನ್ನು ಗದರುತ್ತಾರೆ, ಭುಜಕ್ಕೆ ಸಮಾಧಾನ ಹೇಳುತ್ತಾರೆ. ನನ್ನ ಬಾಣಂತನದುದ್ದಕ್ಕೂ ಬೆಳಗಾದರೆ ಬಂದು, ಉದ್ದನೆಯ ಬಟ್ಟೆಯನ್ನು ನನ್ನ ಹೊಟ್ಟೆಗೆ ಸುತ್ತು ಸುತ್ತಾಗಿ ಬಿಗಿದು ಕಟ್ಟುತ್ತ, ನನ್ನನ್ನು ಒಂದು ಮಾತೂ ಕೇಳದೆ, ‘ಇಷ್ಟು ದಿನ ಬಾಡಿಗೆಗೆ ಕೊಟ್ಟಿದ್ದೆ, ಈಗ ಮನೆ ಖಾಲಿಯಾಯ್ತು, ಒಳಗೆ ಹೋಗಮ್ಮ, ತಾನೆ?’ ಎಂದು ಹೊಟ್ಟೆಗೆ ಹೇಳುತ್ತಿದ್ದರು. ಮಗಳು ಕಿನಾಂತಿಯನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿದರೆ, ಅಲ್ಲಿಯವರೆಗೆ ಲೋಕವನ್ನೆಲ್ಲ ಶಪಿಸುತ್ತಿದ್ದ ಆ ಹಿಡಿಗಾತ್ರದ ಜೀವ ಇದ್ದಕ್ಕಿದ್ದಂತೆ ಮೌನವಾಗಿ, ತನ್ನ ಪಾದಗಳು ಇಷ್ಟು ಸೊಗಸಾಗಿವೆಯೆಂದು ಈಗಷ್ಟೇ ಗೊತ್ತಾದಂತೆ ಕಣ್ಣರಳಿಸುತ್ತಿತ್ತು. ಹೆರಿಗೆಯ ಅನಂತರ ನನ್ನ ದೇಹ ನನಗೆ ಮರಳಿ ಸಿಕ್ಕಿದ್ದು ಅವರ ಕೈಯಿಂದ. ಇದನ್ನು ನಾನು ಉಪಕಾರಸ್ಮರಣೆಗಾಗಿ ಹೇಳುತ್ತಿಲ್ಲ, ನಡೆದದ್ದೇ ಹಾಗೆ.

ಇಷ್ಟೆಲ್ಲ ಅಧಿಕಾರ ನಡೆಸುವವರಿಗೆ ಒಂದು ಕಟ್ಟುನಿಟ್ಟಿನ ನೇಮವಿತ್ತು. ತೇಗು ಬಾರದಿದ್ದರೆ ಅದು ಗಾಳಿಯಲ್ಲ, ಗಾಳಿಯಲ್ಲದ್ದು ತಮ್ಮದಲ್ಲ. ರೈಲ್ವೆಯಲ್ಲಿದ್ದು ನಿವೃತ್ತರಾದ ದರ್ಸೋನೋ ಮಾವ ಒಮ್ಮೆ ಹೊಟ್ಟೆ ಹಿಡಿದುಕೊಂಡು ಮಲಗಿದ್ದಾಗ, ಅವರ ವಿಶಾಲವಾದ ಬೆನ್ನನ್ನು ಮೇಲಿಂದ ಕೆಳಗೆ ಎರಡು ಬಾರಿ ಶೋಧಿಸಿ, ಬಾಯಿ ಬಿಗಿಹಿಡಿದು, ಕೈ ಒರೆಸಿಕೊಂಡು ಎದ್ದೇಬಿಟ್ಟರಂತೆ. ‘ಇದು ನನ್ನದಲ್ಲ. ಆಸ್ಪತ್ರೆಗೆ ಕರ್ಕೊಂಡು ಹೋಗಿ. ಬೇಗ, ತಾನೆ?’ ಮಾವನ ಕರುಳಬಾಲವನ್ನು ಅಂದೇ ತೆಗೆದರು. ಆ ಕೀರ್ತಿ ಇವತ್ತಿಗೂ ಓಣಿಯಲ್ಲಿ ಓಡಾಡುತ್ತಿದೆ.

ಈಚಿನ ಮಳೆಗಾಲದಲ್ಲಿ ಆ ನೇಮ ಅವರ ಮೇಲೆಯೇ ತಿರುಗಿತು.

ಓಣಿಗೆ ಡೆಂಗಿ ಬಂದಿತ್ತು. ಸೋಯಾಕಾಳಿನ ತೆಂಪೆ ಬಿಲ್ಲೆಗಳನ್ನು ಕರಿದು ಮಾರುವ ಮರ್ಸಿಯಕ್ಕನ ಮಗಳು ಆಸ್ಪತ್ರೆ ಸೇರಿ ಬಂದಿದ್ದಳು. ಹೊಗೆ ಹಾಕುವವರು ಬಂದು ಹೋಗಿದ್ದರು. ಬಚ್ಚಲ ತೊಟ್ಟಿಗಳಲ್ಲಿ ಟಾರ್ಚು ಬಿಟ್ಟು ಹುಳ ಹುಡುಕುವುದು ನಮಗೆ ನಿತ್ಯಕರ್ಮವಾಗಿತ್ತು. ಅಂಥ ಒಂದು ಮಧ್ಯಾಹ್ನ ಗೋಡೆಯಾಚೆಯಿಂದ ಕರೆ ಬಂತು. ನಾನು ಮಗುವನ್ನು ಸೊಂಟಕ್ಕೇರಿಸಿಕೊಂಡು ಹೋದರೆ, ದೊಡ್ಡಮ್ಮ ಜಾಕೆಟ್ಟು ತೊಟ್ಟೇ ಚಾಪೆಯ ಮೇಲೆ ಮುದುರಿದ್ದರು. ಮೈ ಒಲೆಯಂತಿತ್ತು.

‘ಗಾಳಿ ಹೊಕ್ಕಿದೆ. ದೊಡ್ಡದು. ನಾಣ್ಯ ಅಲ್ಲಿದೆ, ಎಣ್ಣೆ ಇಲ್ಲಿದೆ. ಬೆನ್ನು ಗೀರು.’

‘ನಾನಾ? ನನಗೇನು ಬರುತ್ತೆ ದೊಡ್ಡಮ್ಮ?’

‘ನಿನ್ನ ಕೈ ನಾನೇ ನಾದಿದ್ದು ತಾನೆ? ಅಷ್ಟಾದರೂ ಕಲಿತಿರುತ್ತೆ.’

ಊರಿನವರ ಬೆನ್ನನ್ನೆಲ್ಲ ಬಲ್ಲ ಆ ಹೆಂಗಸಿನ ಬೆನ್ನನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ಅದು ನಾನು ಊಹಿಸಿದ್ದಕ್ಕಿಂತ ಚಿಕ್ಕದಾಗಿತ್ತು. ಡಚ್ಚರ ಕಾಲದ ಆ ದಪ್ಪ ತಾಮ್ರದ ನಾಣ್ಯವನ್ನು ಎಣ್ಣೆಗದ್ದಿ, ಬೆನ್ನುಹುರಿಯಿಂದ ಪಕ್ಕೆಯ ಕಡೆಗೆ ಎಳೆದೆ. ಕುಂಕುಮದಂಥ ಗೆರೆಗಳು ಎದ್ದವು. ಗೆರೆ ಕೆಂಪಾದಷ್ಟೂ ಗಾಳಿ ಹೆಚ್ಚೆಂಬುದು ಲೆಕ್ಕ.

‘ಕೆಂಪಾ?’

‘ಕೆಂಪು.’

‘ಹೇಳಿರಲಿಲ್ವಾ? ತೇಗು ಬಂತಾ?’

‘ಯಾರಿಗೆ?’

‘ಗೀರೋಳು ಯಾರು? ನಿನಗೇ ಕಣೇ!’

ನಾನು ಪ್ರಯತ್ನಪಟ್ಟೆ. ಗಾಳಿ ನುಂಗಿ ನೋಡಿದೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮರ್ಸಿಯಕ್ಕ, ‘ಅವಳಿಗೊಂದು ಸೋಡಾ ಕುಡಿಸಿ ದೊಡ್ಡಮ್ಮ, ಬೇಕಾದಷ್ಟು ತೇಗ್ತಾಳೆ’ ಎಂದು ನಕ್ಕಳು. ದೊಡ್ಡಮ್ಮ ನಗಲಿಲ್ಲ. ಕಣ್ಣುಗುಡ್ಡೆಯ ಹಿಂದೆ ನೋವೆಂದರು, ಮೂಳೆಗಳನ್ನು ಯಾರೋ ಒನಕೆಯಲ್ಲಿ ಕುಟ್ಟುತ್ತಿರುವಂತಿದೆ ಎಂದರು. ಮರ್ಸಿಯಕ್ಕನ ಮುಖದ ನಗು ಇಳಿಯಿತು. ಅವಳ ಮಗಳೂ ಅಕ್ಷರಶಃ ಇದನ್ನೇ ಹೇಳಿದ್ದಳು.

ರಕ್ತ ಪರೀಕ್ಷೆಗೆ ಹೋಗೋಣವೆಂದೆ. ಅವರು ಗೋಡೆಯ ಕಡೆಗೆ ತಿರುಗಿ ಮಲಗಿದರು. ಮಾರನೆಯ ದಿನವೂ ಕೇಳಿದೆ, ಮತ್ತೆ ಬೆನ್ನು ಗೀರಿದೆ, ಮತ್ತೆ ತೇಗಲಿಲ್ಲ. ಅದರ ಮರುದಿನ ಬೆಳಿಗ್ಗೆ ಹೋದರೆ ಚಾಪೆ ಖಾಲಿ! ಜ್ವರ ಬಿಟ್ಟಿತ್ತು. ದೊಡ್ಡಮ್ಮ ತಲೆ ಬಾಚಿ, ಜಾಕೆಟ್ಟು ತೊಟ್ಟು, ಓಣಿಯ ಕೊನೆಯ ಮನೆಯ ಹಸುಗೂಸಿಗೆ ಎಣ್ಣೆ ಹಚ್ಚಲು ಹೊರಟು ನಿಂತಿದ್ದರು. ಮುಖ ಬೂದಿಯ ಬಣ್ಣದಲ್ಲಿತ್ತು. ತುಟಿಯ ಮೂಲೆಯಲ್ಲಿ ವಿಜಯವಿತ್ತು.

‘ನೋಡು, ಹೋಯ್ತು ತಾನೆ? ನೀನು ಸೊಟ್ಟಸೊಟ್ಟ ಗೀರಿದ್ರೂ ಹೋಯ್ತು.’

ನಾನು ಬಾಗಿಲಿಗೆ ಅಡ್ಡ ನಿಂತೆ. ಜ್ವರ ಇಳಿದ ದಿನವೇ ಹೆಚ್ಚು ಎಚ್ಚರವಿರಬೇಕೆಂದು ವೈದ್ಯರು ಮರ್ಸಿಯಕ್ಕನಿಗೆ ಹೇಳಿದ್ದನ್ನು ಅವಳು ನಮಗೆಲ್ಲ ಹೇಳಿದ್ದಳು. ಆ ಹುಡುಗಿ ಜ್ವರ ಬಿಟ್ಟು, ತಿಂಡಿ ಕೇಳಿ ತಿಂದು, ಅದೇ ಸಂಜೆ ಕೈಕಾಲು ತಣ್ಣಗಾಗಿ ಬಿದ್ದಿದ್ದಳು.

‘ಯಾಕೆ ಬೇಡ ಅಂತೀರಿ? ಸೂಜಿ ಅಂದ್ರೆ ಭಯವಾ?’

‘ಸೂಜಿಗೆ ಹೆದರೋಕೆ ನಾನೇನು ನಿನ್ನ ಗಂಡನಾ?’ ಎಂದರು. ಆಮೇಲೆ ಧ್ವನಿ ತಗ್ಗಿತು. ‘ನನ್ನ ಮೈಯಲ್ಲಿ ವೈರಸ್ ಇದೆ ಅಂತ ಅವರು ಒಂದ್ಸಲ ಹೇಳಿಬಿಟ್ರೆ, ಆಮೇಲೆ ಯಾವ ತಾಯಿ ತನ್ನ ಕೂಸನ್ನ ಈ ಕಾಲ ಮೇಲೆ ಮಲಗಿಸ್ತಾಳೆ ಹೇಳು? ಕೂಸುಗಳಿಲ್ದೆ ನಾನು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ಲಿ?’

ವಾದಕ್ಕಿಳಿದರೆ ಅವರನ್ನು ಗೆದ್ದವರು ನಮ್ಮಲ್ಲಿ ಯಾರೂ ಇಲ್ಲ. ಆದ್ದರಿಂದ ಒಂದು ಸಲಹೆ ಕೇಳುವವಳಂತೆ ಕೇಳಿದೆ. ‘ದೊಡ್ಡಮ್ಮ, ನಾನು ಮಲಗಿದ್ದೀನಿ ಅಂದ್ಕೊಳ್ಳಿ. ನೀವು ಎರಡು ದಿನ ನನ್ನ ಬೆನ್ನು ತಿಕ್ಕಿದ್ರಿ. ಒಂದೂ ತೇಗು ಬರ್ಲಿಲ್ಲ. ಆದ್ರೂ ನಾನು ಗಾಳಿ, ಗಾಳಿ ಅಂತ ಹಟ ಮಾಡ್ತಿದ್ದೀನಿ. ಏನು ಮಾಡ್ತೀರಿ?’

‘ಜುಟ್ಟು ಹಿಡಿದು ಸೈಕಲ್‌ರಿಕ್ಷಾಕ್ಕೆ ಹಾಕ್ತೀನಿ’ ಎಂದರು, ಯೋಚಿಸದೆ. ಆಮೇಲೆ ಯೋಚಿಸಿದರು. ನನ್ನ ಮುಖವನ್ನೂ, ಬಾಗಿಲ ಮೇಲಿಟ್ಟಿದ್ದ ನನ್ನ ಕೈಯನ್ನೂ ನೋಡಿದರು. ‘ನಿನಗೆ ಗೀರೋಕೆ ಬರಲ್ಲ. ಅದಕ್ಕೇ ತೇಗು ಬಂದಿಲ್ಲ.’

‘ಇರಬಹುದು. ಅಥವಾ ಅದು ನಮ್ಮದಲ್ಲ.’

ಅವರು ಕೈಯಲ್ಲಿದ್ದ ಎಣ್ಣೆಯ ಬಟ್ಟಲನ್ನು ಕೆಳಗಿಟ್ಟರು. ‘ಜುಟ್ಟು ಬಿಡು’ ಎಂದರು ಕೊನೆಗೆ, ನಾನು ಮುಟ್ಟಿಯೇ ಇರಲಿಲ್ಲ, ‘ನಾನೇ ಬರ್ತೀನಿ.’

ಹೊರಗೆ ಬಂದವರು ಗೋಡೆ ಹಿಡಿಯಲಿಲ್ಲ. ರಿಕ್ಷಾ ನಿಂತಿದ್ದ ಓಣಿಯ ತುದಿಯವರೆಗೆ, ಕಿನಾಂತಿಯನ್ನು ಸೊಂಟದಲ್ಲಿ ಹೊತ್ತಿದ್ದ ನನ್ನ ತೋಳಿಗೆ ಭಾರ ಬಿಟ್ಟು, ನಟ್ಟನಡುವೆ ನಡೆಯುತ್ತ, ಪ್ರತಿ ಬಾಗಿಲಿಗೂ ತಾವೇ ಸುದ್ದಿ ಕೊಟ್ಟರು: ‘ರಕ್ತ ಪರೀಕ್ಷೆಗೆ ಹೋಗ್ತಿದ್ದೀನಿ. ಡೆಂಗಿ ಇರಬಹುದು. ಕದ್ದು ಕೇಳಬೇಡಿ, ಎದುರಿಗೇ ಕೇಳಿ, ತಾನೆ?’

ಆರೋಗ್ಯ ಕೇಂದ್ರದ ಡಾಕ್ಟರ್ ಪ್ರಮೇಸ್ತಿ ನನ್ನ ವಯಸ್ಸಿನ ಹೆಂಗಸು. ಚುಕ್ಕೆಗಳಿವೆಯೇ ನೋಡಬೇಕೆಂದು ದೊಡ್ಡಮ್ಮನ ರವಿಕೆಯನ್ನು ಮೇಲಕ್ಕೆ ಸರಿಸಿದವರು ಹಾಗೇ ನಿಂತರು. ಬೆನ್ನೆಲ್ಲ ನನ್ನ ಕೈಬರಹ.

‘ಯಾರು ಇದನ್ನ ಗೀರಿದ್ದು? ಈ ಕೆಂಪಿನಲ್ಲಿ ಡೆಂಗಿಯ ಕೆಂಪು ಯಾವುದು ಅಂತ ನಾನು ಹೇಗಮ್ಮ ಹುಡುಕಲಿ?’

‘ಇವಳೇ’ ಎಂದು ದೊಡ್ಡಮ್ಮ ನನ್ನನ್ನು ನಿರ್ದಾಕ್ಷಿಣ್ಯವಾಗಿ ತೋರಿಸಿದರು. ‘ಗೆರೆ ನೋಡಿ ಹೇಗಿದೆ. ಕೋಳಿ ಕೆದರಿದ ಹಾಗೆ.’

ಡಾಕ್ಟರರು ನಗು ನುಂಗಿ, ನಾಣ್ಯ ತಾಗದ ತೋಳನ್ನು ಆರಿಸಿಕೊಂಡು, ರಕ್ತದೊತ್ತಡದ ಪಟ್ಟಿ ಬಿಗಿದು, ಡೆಂಗಿಯಾದರೆ ಚುಕ್ಕೆ ಏಳುತ್ತವೆಂದು ಕೆಲ ಹೊತ್ತು ಹಾಗೇ ಬಿಟ್ಟರು. ಬಿಚ್ಚಿದಾಗ ಮೊಣಕೈಯ ಕೆಳಗೆ, ಸಾಸಿವೆ ಚೆಲ್ಲಿದಂತೆ, ಸಣ್ಣ ಸಣ್ಣ ಕೆಂಪು ಚುಕ್ಕೆಗಳು ಎದ್ದಿದ್ದವು. ದೊಡ್ಡಮ್ಮ ಅವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಚುಕ್ಕೆಗಳು ಮಾಯವಾಗಲಿಲ್ಲ.

ರಕ್ತ ತೆಗೆಯಲು ಬಂದ ಗುನಾದಿ ತೋಳು ತಡವುತ್ತಿದ್ದಾಗ ಮಾತ್ರ ಹಳೆಯ ಜೀವ ಮರಳಿತು. ‘ಇನ್ನೂ ಒಳಗೆ. ಅದು ನರ, ನಾಳ ಅಲ್ಲ. ಬೆರಳು ಬಿಸಿ ಮಾಡ್ಕೊಂಡು ಬರಬಾರದಾ?’ ಎಂದು ಅವನಿಗೆ ಪಾಠ ಹೇಳಿದರು. ಸೂಜಿ ಕಂಡ ಕೂಡಲೇ ಪಾಠ ನಿಂತು, ಅವರ ಎಡಗೈ ನನ್ನ ಅಂಗೈಯನ್ನು ಹುಡುಕಿತು. ಆ ಹಿಡಿತದಲ್ಲಿ ನನ್ನ ಬೆರಳುಗಳು ಮುರಿಯದೆ ಉಳಿದದ್ದು ಆಶ್ಚರ್ಯ. ಫಲಿತಾಂಶಕ್ಕೆ ಕಾಯುತ್ತ ಬೆಂಚಿನ ಮೇಲೆ ಕೂತಾಗಲೂ ಕೈ ಬಿಡಲಿಲ್ಲ. ನನ್ನ ತೊಡೆಯ ಮೇಲೆ ಹೊರಳಾಡುತ್ತಿದ್ದ ಕಿನಾಂತಿಯನ್ನು ಎತ್ತಿಕೊಳ್ಳಲಿಕ್ಕೆ ಇನ್ನೊಂದು ಕೈ ಚಾಚಿ, ಅರ್ಧಕ್ಕೇ ಹಿಂದೆಗೆದುಕೊಂಡರು. ನನಗೆ ಆ ದಿನದಲ್ಲಿ ತಡೆಯಲಾಗದೆ ಹೋದದ್ದು ಅದೊಂದೇ.

ಡೆಂಗಿಯೇ ಆಗಿತ್ತು. ಪ್ಲೇಟ್‌ಲೆಟ್ ಬಹಳ ಇಳಿದಿದೆ, ಈಗಲೇ ದೊಡ್ಡಾಸ್ಪತ್ರೆಗೆ ಸೇರಬೇಕು, ನಾಳೆಗೆ ಬಿಟ್ಟಿದ್ದರೆ ಕಷ್ಟವಾಗುತ್ತಿತ್ತು ಎಂದರು ಡಾಕ್ಟರರು. ದೊಡ್ಡಮ್ಮ ಇದನ್ನೆಲ್ಲ ಬೇರೆ ಯಾರದೋ ವಿಷಯವೆಂಬಂತೆ ಕೇಳಿಸಿಕೊಂಡು, ತಮಗೆ ಬೇಕಾದ ಒಂದೇ ಪ್ರಶ್ನೆ ಕೇಳಿದರು.

‘ಮುಟ್ಟಿದ್ರೆ ಅಂಟುತ್ತಾ? ಕೂಸುಗಳಿಗೆ?’

‘ಮುಟ್ಟಿದ್ರೆ ಇಲ್ಲ ಅಜ್ಜಿ. ಸೊಳ್ಳೆ ಕಚ್ಚಿದ್ರೆ. ಜ್ವರದ ದಿನಗಳಲ್ಲಿ ಸೊಳ್ಳೆಪರದೆಯೊಳಗಿರಬೇಕು, ಅಷ್ಟೆ. ವಾಸಿಯಾದ ಮೇಲೆ ಎಷ್ಟು ಕೂಸುಗಳನ್ನ ಬೇಕಾದ್ರೂ ಎತ್ತಿಕೊಳ್ಳಿ.’

ದೊಡ್ಡಮ್ಮ ಎದ್ದುನಿಂತರು. ಹೊರಗೆ ಸಾಲಿನಲ್ಲಿ ನಮ್ಮ ಓಣಿಯ ಹೆಂಗಸರೇ ಇದ್ದರು, ಸೊಂಟದಲ್ಲಿ, ಜೋಳಿಗೆಯಲ್ಲಿ ಮಕ್ಕಳು. ದೊಡ್ಡಮ್ಮ ಡಾಕ್ಟರರ ಕೋಣೆಯ ಪರದೆಯನ್ನು ಕೈಯಿಂದ ಪೂರ್ತಿ ಸರಿಸಿ ಹಿಡಿದು, ‘ಈಗ ಹೇಳಿದ್ದನ್ನ ಇನ್ನೊಂದ್ಸಲ ಹೇಳಿ ಡಾಕ್ಟರಮ್ಮ. ಗಟ್ಟಿಯಾಗಿ. ಅಲ್ಲಿ ಹಿಂದೆ ಕೂತೋರಿಗೆ ಕೇಳಿಸಲಿಲ್ಲ’ ಎಂದರು.

ಡಾಕ್ಟರ್ ಪ್ರಮೇಸ್ತಿ ಹೇಳಿದರು. ಬಾಗಿಲಿಗೆ ಬಂದು, ಗಟ್ಟಿಯಾಗಿ, ಸೊಳ್ಳೆಯ ಭಾಗವನ್ನು ಎರಡು ಸಾರಿ ಹೇಳಿದರು.

ಆಸ್ಪತ್ರೆಗೆ ಓಣಿಯೇ ಸೀಬೆಹಣ್ಣಿನ ರಸ ಹೊತ್ತು ನಡೆಯಿತು. ಡೆಂಗಿಗೆ ಅದಕ್ಕಿಂತ ಮದ್ದಿಲ್ಲವೆಂಬುದು ನಮ್ಮವರ ಖಚಿತ ನಂಬಿಕೆ. ಮಂಚದ ಕೆಳಗೆ ಬಾಟಲಿಗಳ ಸಾಲು ಕಂಡು ನರ್ಸು, ‘ಅಂಗಡಿ ಇಡ್ತೀರಾ ಅಜ್ಜಿ?’ ಎಂದಳು. ದೊಡ್ಡಮ್ಮ ಮನೆಗೆ ಮರಳಿದಾಗ ತೂಕ ಕಳೆದುಕೊಂಡಿದ್ದರು, ಜಾಕೆಟ್ಟಿನಲ್ಲಿ ಇನ್ನೊಬ್ಬರಿಗೂ ಜಾಗವಿತ್ತು. ಮೊದಲ ದಿನಗಳಲ್ಲಿ ಕೂಸಿಗೆ ಎಣ್ಣೆ ಹಚ್ಚಲು ಯಾರ ಮನೆಯಿಂದಲೂ ಕರೆ ಬರಲಿಲ್ಲ. ಡಾಕ್ಟರಮ್ಮನ ಮಾತು ಕಿವಿಗೆ ಬಿದ್ದಾಗಿತ್ತು, ಕೂಸು ದೊಡ್ಡಮ್ಮನ ಮಡಿಲಿಗೆ ಬೀಳಬೇಕಿತ್ತು; ಎರಡರ ನಡುವೆ ತಾಯಂದಿರಿಗೆ ಸ್ವಲ್ಪ ಹೊತ್ತು ಬೇಕಾಗುತ್ತದೆ. ನಾನೂ ತಾಯಿಯೇ, ಅವರನ್ನು ದೂರಲಾರೆ. ಒಂದು ಬೆಳಿಗ್ಗೆ, ಮರ್ಸಿಯಕ್ಕನ ಬಾಣಲೆಯ ಸುತ್ತ ಎಲ್ಲರೂ ಸೇರಿರುವ ಸಮಯ ನೋಡಿ, ಕಿನಾಂತಿಯನ್ನೂ ಎಣ್ಣೆಯ ಬಟ್ಟಲನ್ನೂ ಒಯ್ದು, ಹೊರ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ ದೊಡ್ಡಮ್ಮನ ಮೊಣಕಾಲುಗಳ ಮೇಲೆ ಮಗುವನ್ನು ಮಲಗಿಸಿದೆ. ಅವರು ನನ್ನನ್ನು ನೋಡಲಿಲ್ಲ. ‘ಅಯ್ಯೋ, ಈ ಪಾದಗಳಿಗೆ ಯಾರೂ ಏನೂ ಕಲಿಸಿಲ್ಲ’ ಎಂದು ಪಾದಗಳಿಗೆ ಹೇಳಿ ಕೆಲಸಕ್ಕೆ ತೊಡಗಿದರು. ಆ ವಾರವೇ ಕೊನೆಯ ಮನೆಯವಳು ಬಂದಳು, ಆಮೇಲೆ ಉಳಿದವರು. ಈಗ ಜ್ವರದ ಮೈ ಕಂಡರೆ ದೊಡ್ಡಮ್ಮ ನಾಣ್ಯ ಮುಟ್ಟುವುದಿಲ್ಲ. ‘ಮೊದಲು ರಕ್ತ ಕೊಟ್ಟು ಬಾ. ಬೆನ್ನು ಎಲ್ಲೂ ಓಡಿಹೋಗಲ್ಲ’ ಎನ್ನುತ್ತಾರೆ, ಇದು ತಲೆತಲಾಂತರದಿಂದ ನಡೆದುಬಂದ ಪದ್ಧತಿಯೇನೋ ಎಂಬಷ್ಟು ನಿಸ್ಸಂಕೋಚವಾಗಿ.

ಇಂಥವರು ಪ್ರತಿ ಓಣಿಗೂ ಒಬ್ಬರಿರುತ್ತಾರೆ. ನಾವು ಅವರ ಕೈಗೆ ನಮ್ಮ ನೋವನ್ನೂ ನಮ್ಮ ಮಕ್ಕಳನ್ನೂ ಒಪ್ಪಿಸುವುದು ಅವರು ಎಂದೂ ತಪ್ಪುವುದಿಲ್ಲವೆಂಬ ಭ್ರಮೆಯಿಂದ ಎಂದು ನಾನು ಬಹಳ ಕಾಲ ತಿಳಿದಿದ್ದೆ. ಹಾಗಲ್ಲ; ತಪ್ಪಿದ ದಿನ ಅವರು ಬೀದಿಯ ನಡುವೆ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿಬಿಡುತ್ತಾರೆ, ಮರುದಿನ ಅದೇ ಗತ್ತಿನಲ್ಲಿ ಮತ್ತೆ ಕೆಲಸಕ್ಕೆ ಕೂರುತ್ತಾರೆ. ಅವರ ಆತ್ಮವಿಶ್ವಾಸದ ಬೇರು ಇರುವುದು ಅಲ್ಲಿ. ಅಂಥ ಗತ್ತಿನ ಮುಂದೆ ಕೂಸನ್ನು ಮಲಗಿಸಿ, ಒಂದು ಗಳಿಗೆ ಕಣ್ಣು ಮುಚ್ಚಿ ಕೂರಲು ಯಾವ ತಾಯಿಗೂ ಭಯವಾಗಬೇಕಿಲ್ಲ.